ಕೆಂಪು ನಿಪ್ಪಲ್ ತಗೊಳ್ಳಿ, ಪುಡಿ ಮೂಟೆ ಬಿಡಿ

ಕುರಿಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಲಿಕ್ಕೆ ಪ್ರಿಚರ್ಡ್ ನಿಪ್ಪಲ್ ಅಂತ ಒಂದು ಬರುತ್ತದೆ. ಬುಡ ಹಳದಿ ಪ್ಲಾಸ್ಟಿಕ್, ತುದಿ ಕೆಂಪು ರಬ್ಬರ್. ನೋಡಲಿಕ್ಕೆ ಜಾತ್ರೆಯ ಆಟದ ಸಾಮಾನಿನ ಹಾಗಿದೆ. ಇದಕ್ಕೆ ಕೊಟ್ಟ ದುಡ್ಡಲ್ಲಿ ಮಕ್ಕಳ ಹಾಲಿನ ಬಾಟಲಿ ಎರಡು ಬರುತ್ತಿತ್ತು ಅಂತ ಮನೆಯಲ್ಲಿ ಬೈಸಿಕೊಂಡಿದ್ದೂ ಆಯಿತು. ಆದರೂ ಹೇಳುತ್ತೇನೆ, ಹತ್ತಿಪ್ಪತ್ತು ಕುರಿ ಇಟ್ಟುಕೊಂಡವರ ಮನೆಯಲ್ಲಿ ಇದು ಒಂದೆರಡು ಇರಲೇಬೇಕು. ಜೊತೆಗೇ ಇನ್ನೊಂದು ಮಾತು. ನಿಪ್ಪಲ್ ಕೇಳಲು ಹೋದಾಗ ಅಂಗಡಿಯವರು ದಾಟಿಸಲು ನೋಡುವ ಹಾಲಿನ ಪುಡಿ ಮೂಟೆ ಬೇಡ. ಮನೆಯಲ್ಲಿ ಕರೆಯುವ ಹಸು ಇದ್ದರಂತೂ ಬೇಡವೇ ಬೇಡ.

ನಮ್ಮದು ಆನಂದಪುರದ ಕಡೆ. ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ ಮಲೆನಾಡು ಶುರುವಾಗುವ ಜಾಗ. ಅಡಿಕೆ, ಭತ್ತ, ಈಚೆಗೆ ಮೆಕ್ಕೆಜೋಳ. ಕುರಿ ಸಾಕುವ ಸೀಮೆ ಇದಲ್ಲ ಅಂತ ಎಲ್ಲರೂ ಹೇಳುತ್ತಾರೆ, ಸುಳ್ಳೇನೂ ಅಲ್ಲ. ಬೇಸಿಗೆಯಲ್ಲಿ ಬಯಲುಸೀಮೆಯ ಕುರಿಯವರು ಮಂದೆ ಹೊಡೆದುಕೊಂಡು ಬರುತ್ತಾರೆ, ಕೊಯ್ಲಾದ ಗದ್ದೆಯಲ್ಲಿ ರಾತ್ರಿ ಮಂದೆ ನಿಲ್ಲಿಸುತ್ತಾರೆ, ಗದ್ದೆಯವರು ಗೊಬ್ಬರದ ಲೆಕ್ಕಕ್ಕೆ ದುಡ್ಡೋ ಭತ್ತವೋ ಕೊಡುತ್ತಾರೆ, ಮಳೆ ಹಿಡಿಯುವ ಹೊತ್ತಿಗೆ ಅವರು ಗಂಟುಮೂಟೆ ಕಟ್ಟಿ ವಾಪಸ್ಸು ಹೊರಟಿರುತ್ತಾರೆ. ಬುದ್ಧಿವಂತರು. ಜೂನ್‌ನಿಂದ ಆಗಸ್ಟ್ ತನಕ ಕುರಿಗಳನ್ನು ಕೊಟ್ಟಿಗೆಯಲ್ಲಿ ಕಟ್ಟಿಕೊಂಡು ಆಕಾಶ ನೋಡುತ್ತಾ ಕೂರುವವರು ನಮ್ಮಂಥವರು. ಆ ಮೂರು ತಿಂಗಳಲ್ಲಿ ಹುಟ್ಟುವ ಮರಿಗಳೇ ಬಾಟಲಿಗೆ ಬೀಳುವುದು ಜಾಸ್ತಿ.

ತಾಯಿ ಸತ್ತ ತಬ್ಬಲಿ ಮರಿಗೆ ಮಾತ್ರ ಬಾಟಲಿ ಅಂತ ತಿಳಿಯಬೇಡಿ. ಕೆಚ್ಚಲು ಬಾವು ಬಂದರೆ ಬಾಟಲಿ. ಚೊಚ್ಚಲ ಕುರಿ ಮರಿಯನ್ನು ಹತ್ತಿರ ಸೇರಿಸದೆ ಒದ್ದರೆ ಬಾಟಲಿ. ಈಗ ನಾರಿ ಸುವರ್ಣ ತಳಿ ಬೇರೆ ಬಂದಿದೆ. ಮಹಾರಾಷ್ಟ್ರದ ಫಲ್ಟಣ್‌ನ ನಿಂಬ್ಕರ್ ಸಂಸ್ಥೆಯವರು ಮಾಡಿದ್ದು. ಬಂಗಾಳದ ಗ್ಯಾರೋಲ್ ಅನ್ನುವ ಪುಟ್ಟ ಕುರಿಯಲ್ಲಿರುವ ಅವಳಿ ಹಾಕುವ ಗುಣವನ್ನು ಡೆಕ್ಕನಿ ಕುರಿಗೆ ತಂದಿದ್ದಾರೆ. ಅವಳಿ ಅಂದರೆ ಮಾರುವಾಗ ಖುಷಿ, ಆದರೆ ಈಯ್ದ ತಾಯಿಗೆ ಹೊಟ್ಟೆ ತುಂಬ ಹಿಂಡಿ, ಹಸಿ ಮೇವು ಬಿದ್ದರೆ ಮಾತ್ರ ಎರಡು ಮರಿಗೆ ಆಗುವಷ್ಟು ಹಾಲು. ಮೂರು ಹಾಕಿತೋ, ಕುರಿಗೆ ಮೊಲೆ ಇರುವುದೇ ಎರಡು. ಮೂರನೆಯದು ನಿಮ್ಮ ಮನೆ ಮಗು.

ಇನ್ನು ನಿಪ್ಪಲ್ ವಿಷಯ. ಕೈಯಲ್ಲಿ ಹಿಡಿದು ನೋಡಿದರೆ ಕೆಂಪು ರಬ್ಬರ್ ಮೆತ್ತಗಿದೆ, ಹಸುಗರುವಿನ ದಪ್ಪ ನಿಪ್ಪಲಿಗಿಂತ ಎಷ್ಟೋ ಸಣ್ಣ, ಕುರಿಯ ಮೊಲೆಯ ಅಳತೆಗೆ ಹತ್ತಿರ. ಹೊಸದರ ತುದಿಯಲ್ಲಿ ತೂತೇ ಇರುವುದಿಲ್ಲ. ತೂತಿಲ್ಲದ ನಿಪ್ಪಲ್ ಕಳಿಸಿದ್ದಾರೆ ಅಂತ ಸಿಟ್ಟಾಗಿ ವಾಪಸ್ಸು ಕಳಿಸಿದವರ ಕಥೆ ಕೇಳಿದ್ದೇನೆ. ಅದನ್ನು ನಾವೇ ಕತ್ತರಿಸಿಕೊಳ್ಳಬೇಕು. ಬ್ಲೇಡಿನಲ್ಲಿ ತುದಿಯ ಚೂರು ತೆಗೆಯಿರಿ, ಅಷ್ಟೇ ಸಾಕು. ಬಾಟಲಿಗೆ ನೀರು ತುಂಬಿ ತಲೆಕೆಳಗು ಮಾಡಿ. ತೊಟ್ಟು ತೊಟ್ಟಾಗಿ ಬೀಳಬೇಕು. ಧಾರೆಯಾಗಿ ಸುರಿದರೆ ತೂತು ಜಾಸ್ತಿಯಾಗಿದೆ ಅಂತ ಅರ್ಥ, ಆ ನಿಪ್ಪಲನ್ನು ದೊಡ್ಡ ಮರಿಗೆ ಎತ್ತಿಡಿ. ಎರಡು ದಿನದ ಮರಿಗೆ ಅದರಲ್ಲಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ.

ಇದರ ಜಾಣತನ ಇರುವುದು ಹಳದಿ ಬುಡದಲ್ಲಿ. ಪಕ್ಕದಲ್ಲಿ ಒಂದು ಸಣ್ಣ ಗುಳಿ, ಅದರೊಳಗೆ ಸಾಸಿವೆಗಿಂತ ಚೂರು ದೊಡ್ಡದಾದ ಸ್ಟೀಲ್ ಗುಂಡು. ಅಲ್ಲಾಡಿಸಿದರೆ ಸಣ್ಣಗೆ ಸದ್ದು ಬರುತ್ತದೆ. ಮರಿ ಚೀಪಿದಾಗ ಆ ಗುಂಡು ಸರಿದು ಗಾಳಿ ಒಳಗೆ ಬರುತ್ತದೆ, ಹಾಲು ಹೊರಗೆ ಸೋರುವುದಿಲ್ಲ. ಹಾಗಾಗಿ ನಿಪ್ಪಲ್ ಅಂಟಿಕೊಳ್ಳುವುದಿಲ್ಲ, ಬಾಟಲಿ ಒಳಗೆ ಜಗ್ಗುವುದಿಲ್ಲ, ಮರಿ ಒಂದೇ ದಮ್ಮಿಗೆ ಕುಡಿದು ಮುಗಿಸುತ್ತದೆ. ಮಕ್ಕಳ ಬಾಟಲಿಯಲ್ಲಿ ಹೀಗಲ್ಲ. ನಾಲ್ಕು ಸಲ ಚೀಪುವಷ್ಟರಲ್ಲಿ ರಬ್ಬರ್ ಚಪ್ಪಟೆ. ಮರಿ ಬಿಟ್ಟು, ಮತ್ತೆ ಹಿಡಿದು, ಸಿಟ್ಟಿಗೆ ತಲೆಯಲ್ಲಿ ಗುದ್ದಿ, ಅರ್ಧ ಹಾಲು ನಮ್ಮ ಲುಂಗಿಗೆ.

ಗುಂಡಿನ ಜಾಗದಲ್ಲಿ ಹಾಲು ಒಣಗಿದರೆ ಮಾತ್ರ ಗುಂಡು ಕಚ್ಚಿಕೊಳ್ಳುತ್ತದೆ, ಆಗ ಇದೂ ಮಕ್ಕಳ ಬಾಟಲಿಯ ದಾರಿಯೇ ಹಿಡಿಯುತ್ತದೆ. ಕುಡಿಸಿದ ಕೂಡಲೇ ಮೊದಲು ತಣ್ಣೀರಲ್ಲಿ ತೊಳೆದು, ಆಮೇಲೆ ಸೋಪು ಬಿಸಿನೀರು. ಮೊದಲೇ ಬಿಸಿನೀರು ಸುರಿದರೆ ಹಾಲು ಅಲ್ಲೇ ಬೆಂದು ಹಿಡಿಯುತ್ತದೆ. ಕಚ್ಚಿಕೊಂಡೇ ಬಿಟ್ಟಿದ್ದರೆ ಪಿನ್ನಿನ ತುದಿಯಲ್ಲಿ ಮೆಲ್ಲಗೆ ತಳ್ಳಿ.

ಬಾಟಲಿ ಬಗ್ಗೆ ಗೊಂದಲ ಬೇಡ. ಕೋಲಾ, ಸೋಡಾ ಬರುವ ಪ್ಲಾಸ್ಟಿಕ್ ಬಾಟಲಿಯ ಕಂಠ 28 ಮಿಲಿಮೀಟರಿನದು, ಇದು ಅದಕ್ಕೇ ತಿರುಪಿಕೊಳ್ಳುವ ಹಾಗೆ ಮಾಡಿದ್ದು. ನೀರಿನ ಬಾಟಲಿಗಳ ಕಂಠ ಒಂದೊಂದು ಕಂಪನಿಯದು ಒಂದೊಂದು ಥರ, ತಿರುಪಿದಂತೆ ಅನಿಸಿದರೂ ಸೋರುತ್ತದೆ. ಅರ್ಧ ಲೀಟರಿನ ಸೋಡಾ ಬಾಟಲಿ ಒಂದು ಮದುವೆ ಮನೆಗೆ ಹೋದರೆ ವರ್ಷಕ್ಕಾಗುವಷ್ಟು ಸಿಗುತ್ತದೆ. ಹುಳಿ ವಾಸನೆ ಬಂದ ಬಾಟಲಿ ಎಸೆದು ಹೊಸದು ಹಾಕಿ. ಖರ್ಚು ಸೊನ್ನೆ.

ದೂರು ಏನು ಅಂದರೆ, ಇದರ ನಕಲಿಯೂ ಇದೆ. ಆನ್‌ಲೈನಲ್ಲಿ ಒಬ್ಬರಿಂದ ತರಿಸಿದ ಮೂರರ ಪ್ಯಾಕೆಟ್‌ನಲ್ಲಿ ಬಣ್ಣ ಅದೇ, ಆಕಾರ ಅದೇ, ಗುಳಿಯೂ ಇದೆ, ಒಳಗೆ ಗುಂಡೇ ಇಲ್ಲ. ಹಾಲು ಆ ತೂತಿನಿಂದಲೇ ಸುರಿಯುತ್ತದೆ. ರಬ್ಬರ್ ಬೇರೆ ಗಟ್ಟಿ, ಸ್ವಲ್ಪ ದಿನಕ್ಕೇ ಬುಡದಲ್ಲಿ ಬಿರುಕು. ಫೋಟೊ ನೋಡಿ ಅಸಲು ನಕಲು ಹೇಳಲಿಕ್ಕೆ ಆಗುವುದಿಲ್ಲ. ಅಂಗಡಿಯಲ್ಲಾದರೆ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ತಗೊಳ್ಳಿ. ಶಿವಮೊಗ್ಗದ ಪಶು ಔಷಧಿ ಅಂಗಡಿಗಳಲ್ಲಿ ಎಲ್ಲ ಕಡೆ ಇಡುವುದಿಲ್ಲ, ಹೇಳಿಟ್ಟರೆ ತರಿಸಿಕೊಡುವವರು ಇದ್ದಾರೆ.

ನಿಪ್ಪಲ್ ಯಾಕೆ, ಗೊಟ್ಟದಲ್ಲಿ ಹುಯ್ದರಾಯಿತು ಅನ್ನುವ ಹಿರಿಯರು ನಮ್ಮ ಕಡೆ ಬಹಳ. ದನಕ್ಕೆ ಔಷಧಿ ಕುಡಿಸುವ ಬಿದಿರಿನ ಗೊಟ್ಟ ಇರುತ್ತದಲ್ಲ, ಅದು. "ಅಯ್ಯೋ ಮಾರಾಯಾ, ನಾವೆಲ್ಲ ಗೊಟ್ಟದಲ್ಲೇ ಸಾಕಿದ್ದು, ನಿಂದೊಂದು ಹೊಸದು" ಅಂತ ಪಕ್ಕದ ಮನೆ ಅಜ್ಜ ಅಂದರು. ಸಾಕಿರಬಹುದು. ಎಷ್ಟು ಸತ್ತವು ಅಂತ ಕೇಳಿದರೆ ಎಲೆಡಿಕೆ ಚೀಲ ತೆಗೆಯುತ್ತಾರೆ. ಇದರಲ್ಲಿ ವಿಷಯ ಇದೆ. ಮರಿ ಕತ್ತು ಮೇಲೆ ಮಾಡಿ ಚೀಪಿದಾಗ ಅನ್ನನಾಳದ ಕೊನೆಯಲ್ಲಿ ಒಂದು ಮಡಿಕೆ ಮುಚ್ಚಿಕೊಂಡು ಕೊಳವೆಯಾಗುತ್ತದೆ. ಹಾಲು ಮೆಲುಕು ಹಾಕುವ ದೊಡ್ಡ ಹೊಟ್ಟೆಗೆ ಇಳಿಯದೆ ನೇರ ನಾಲ್ಕನೇ ಹೊಟ್ಟೆಗೆ ಹೋಗುತ್ತದೆ, ಅಲ್ಲಿ ಒಡೆದು ಜೀರ್ಣ ಆಗುತ್ತದೆ. ಸುಮ್ನೆ ಬಾಯಿಗೆ ಸುರಿದರೆ ದೊಡ್ಡ ಹೊಟ್ಟೆಗೆ ಬಿದ್ದು ಕೊಳೆಯುತ್ತದೆ. ಇಲ್ಲವೇ ಗಂಟಲು ತಪ್ಪಿ ಶ್ವಾಸಕೋಶಕ್ಕೆ. ಅದಕ್ಕೇ ಮರಿಯನ್ನು ತೊಡೆ ಮೇಲೆ ಅಂಗಾತ ಮಲಗಿಸಿ ಕುಡಿಸಬೇಡಿ, ಫೋಟೊಕ್ಕೆ ಚೆಂದ ಅಷ್ಟೇ. ನಾಲ್ಕು ಕಾಲ ಮೇಲೆ ನಿಲ್ಲಿಸಿ, ಬಾಟಲಿಯನ್ನು ತಾಯಿಯ ಕೆಚ್ಚಲಿನ ಎತ್ತರಕ್ಕೆ ಹಿಡಿಯಿರಿ. ಬಾಲ ಪಟಪಟ ಬಡಿಯಲು ಶುರು ಮಾಡಿದರೆ ಸರಿಯಾಗಿ ಇಳಿಯುತ್ತಿದೆ ಅಂತ ಲೆಕ್ಕ.

ಹಾಲಿಗಿಂತ ಮೊದಲು ಗಿಣ್ಣು. ಹುಟ್ಟಿದ ಮರಿಯ ರಕ್ತದಲ್ಲಿ ರೋಗ ತಡೆಯುವ ಶಕ್ತಿ ಇಲ್ಲವೇ ಇಲ್ಲ ಅನ್ನಬಹುದು, ಅದು ಗಿಣ್ಣಿನಿಂದಲೇ ಬರಬೇಕು, ಹೊತ್ತು ಕಳೆದಂತೆ ಕರುಳು ಅದನ್ನು ಹೀರುವುದು ಕಡಿಮೆಯಾಗುತ್ತಾ ಹೋಗಿ 24 ಗಂಟೆಯ ಹೊತ್ತಿಗೆ ಬಾಗಿಲು ಮುಚ್ಚುತ್ತದೆ. ಹುಟ್ಟಿದ ಮೊದಲ ಎರಡು ಮೂರು ಗಂಟೆಯೊಳಗೆ ಕಿಲೋ ತೂಕಕ್ಕೆ 50 ಎಂಎಲ್, ಮೊದಲ ದಿನ ಒಟ್ಟು ಕಿಲೋಗೆ 200 ಎಂಎಲ್. ಎರಡೂವರೆ ಕಿಲೋ ಮರಿಗೆ ಅರ್ಧ ಲೀಟರ್ ಆಯಿತು. ತಾಯಿಯದು ಸಿಗದಿದ್ದರೆ ಬೇರೆ ಕುರಿಯದು, ಅದೂ ಇಲ್ಲದಿದ್ದರೆ ಹಸುವಿನ ಗಿಣ್ಣು. ಅಕ್ಕಪಕ್ಕದಲ್ಲಿ ಯಾರ ಮನೆ ಹಸು ಈಯ್ದರೂ ಬೆಲ್ಲ ಏಲಕ್ಕಿ ಹಾಕಿ ಒಲೆಗೆ ಇಡುವ ಮೊದಲೇ "ಅಕ್ಕಾ, ನಮಗೊಂದು ಲೋಟ ಹಸಿದು ಎತ್ತಿಡಿ" ಅಂತ ಹೇಳಿಡಬೇಕು. ಸಣ್ಣ ಸಣ್ಣ ಬಾಟಲಿಯಲ್ಲಿ ಫ್ರೀಜರಿಗೆ ಹಾಕಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಕರೆಂಟು ಹೋಗುವ ಊರಾದ್ದರಿಂದ ಫ್ರೀಜರಿನ ತಳದಲ್ಲಿ ಇಡಿ. ಬೇಕಾದಾಗ ಬೆಚ್ಚಗಿನ ನೀರಲ್ಲಿ ಇಳಿಬಿಟ್ಟು ಕರಗಿಸಿ, ಒಲೆ ಮೇಲೆ ಕುದಿಸಿದರೆ ಗಿಣ್ಣು ತಿನ್ನಲಿಕ್ಕಾಯಿತೇ ಹೊರತು ಮರಿಗೆ ಅದರ ಗುಣ ಉಳಿಯುವುದಿಲ್ಲ. ಒಂದು ಕೊರತೆ ಏನೆಂದರೆ ಹಸುವಿನ ಗಿಣ್ಣಲ್ಲಿ ಕುರಿಗೆ ಬರುವ ರೋಗಗಳ ತಡೆ ಪೂರ್ತಿ ಇರುವುದಿಲ್ಲ. ಕರುಳು ಬೇನೆ ಲಸಿಕೆ ಯಾವಾಗ ಹಾಕಿಸುವುದು ಅಂತ ಇಂಥ ಮರಿಗಳಿಗೆ ಬೇರೆಯಾಗಿ ವೈದ್ಯರನ್ನು ಕೇಳಿ.

ಮಳೆಯಲ್ಲಿ ಹುಟ್ಟಿದ ಮರಿಯ ಬಾಯಿಗೆ ಬೆರಳಿಟ್ಟು ನೋಡಿ. ಬಾಯಿ ತಣ್ಣಗಿದ್ದು, ಬೆರಳು ಚೀಪದಿದ್ದರೆ ಬಾಟಲಿ ಇಡಬೇಡಿ. ಮೊದಲು ಒರೆಸಿ ಬೆಚ್ಚಗೆ ಮಾಡಬೇಕು. ಮಲೆನಾಡಿನ ಮನೆಯ ಬಚ್ಚಲ ಒಲೆ ಇರುವುದೇ ಇದಕ್ಕೆ ಅನ್ನಬೇಕು. ಹಂಡೆಯ ಪಕ್ಕ ಬುಟ್ಟಿಯಲ್ಲಿ ಗೋಣಿ ಹಾಸಿ ಮಲಗಿಸಿ, ಮೈ ಕಾದು ತಲೆ ಎತ್ತಿದ ಮೇಲೆ ಹಾಲು. ಮರಿಯ ಮೈಬಿಸಿ 39 ಡಿಗ್ರಿ ದಾಟಿರಬೇಕು, 37ಕ್ಕಿಂತ ಕೆಳಗಿದ್ದು ಹುಟ್ಟಿ ಐದಾರು ಗಂಟೆ ಆಗಿದ್ದರೆ ಕಾಯಿಸುವ ಮುಂಚೆಯೇ ಗ್ಲೂಕೋಸ್ ಬೇಕಾಗುತ್ತದೆ, ಅದು ವೈದ್ಯರ ಕೆಲಸ. 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ಗಾಡಿ ಬರುತ್ತದೆ, ನೆಟ್‌ವರ್ಕ್ ಸಿಗುವ ಗುಡ್ಡ ಹತ್ತಿದರೆ.

ಈಗ ಪುಡಿ ಮೂಟೆ. ಶಿವಮೊಗ್ಗದ ಒಂದು ಅಂಗಡಿಯಲ್ಲಿ "ಕುರಿಮರಿಗೆ ಇದೇ ಸಾರ್, ಎಲ್ಲರೂ ಇದನ್ನೇ ಒಯ್ಯೋದು" ಅಂತ ಕೊಟ್ಟರು. ಮನೆಗೆ ತಂದು ಚೀಲದ ಹಿಂಭಾಗ ಓದಿದರೆ ಸಣ್ಣ ಅಕ್ಷರದಲ್ಲಿ ಕರುಗಳಿಗೆ ಅಂತ ಬರೆದಿದೆ. ಕುರಿಯ ಹಾಲು ಹಸುವಿನದಕ್ಕಿಂತ ಬಹಳ ಗಟ್ಟಿ, ಕೊಬ್ಬೇ 6-7% ಇರುತ್ತದೆ. ಕುರಿಮರಿಗೆ ಅಂತಲೇ ಮಾಡಿದ ಪುಡಿಯಲ್ಲಿ ಕೊಬ್ಬು 24ರಿಂದ 30%, ಕರುವಿನ ಪುಡಿಯಲ್ಲಿ ಸಾಮಾನ್ಯವಾಗಿ 20% ಅಥವಾ ಅದಕ್ಕೂ ಕಡಿಮೆ. ಅದು ಹಾಗಿರಲಿ, ಮರಿ ಸ್ವಲ್ಪ ಸೊರಗಬಹುದು ಅಷ್ಟೇ. ಭಯ ಇರುವುದು ತಾಮ್ರದ್ದು. ಕರುವಿಗೆ ಬೇಕಾದಷ್ಟು ತಾಮ್ರ ಕುರಿಗೆ ವಿಷ. ಅದು ಪಿತ್ತಜನಕಾಂಗದಲ್ಲಿ ಸದ್ದಿಲ್ಲದೆ ಸೇರುತ್ತಾ ಹೋಗಿ, ಒಂದು ದಿನ ಕಣ್ಣು ಹಳದಿ, ಮೂತ್ರ ಕಾಫಿ ಬಣ್ಣ, ಕುರಿ ನೆಲಕ್ಕೆ. ದನದ ಮಿನರಲ್ ಮಿಕ್ಸ್ಚರ್ ಕುರಿಗೆ ಹಾಕಬಾರದು ಅನ್ನುವುದೂ ಇದಕ್ಕೇ.

ತಾಮ್ರದ ಮಾತು ಬಂದಿದ್ದಕ್ಕೆ ಹೇಳುತ್ತೇನೆ, ಬಯಲುಸೀಮೆಯವರಿಗೆ ಇಲ್ಲದ ತೊಂದರೆ ಒಂದು ನಮಗಿದೆ. ಕೊಳೆರೋಗಕ್ಕೆ ಮಳೆಗಾಲದ ಶುರುವಿಗೆ ಅಡಿಕೆ ತೋಟಕ್ಕೆ ಬೋರ್ಡೋ ಹೊಡೆಯುತ್ತೇವಲ್ಲ, ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಆ ಮೈಲುತುತ್ತ ತಾಮ್ರವೇ. ಮರದಿಂದ ತೊಟ್ಟಿಕ್ಕಿ ತೋಟದ ಹುಲ್ಲೆಲ್ಲ ನೀಲಿ. ತೋಟದಲ್ಲಿ ಹುಲ್ಲು ಚೆನ್ನಾಗಿದೆ ಅಂತ ಮದ್ದು ಹೊಡೆದ ಮೇಲೆ ಕುರಿ ಬಿಡಬೇಡಿ, ಕೊಯ್ದು ತಂದೂ ಹಾಕಬೇಡಿ. ಹಸುವಿಗೆ ಏನೂ ಆಗಲಿಲ್ಲ ಅನ್ನುವುದು ಕುರಿಗೆ ಲೆಕ್ಕಕ್ಕಿಲ್ಲ. ಮೈಲುತುತ್ತ ಕಲಸಿದ ಬಕೆಟ್ಟಲ್ಲಿ ಮರಿ ಹಾಲು ಕಾಯಿಸುವ ನೀರು ತರುವವರನ್ನೂ ನೋಡಿದ್ದೇನೆ.

ಮೂಟೆಯ ಇನ್ನೊಂದು ಕಷ್ಟ ನಮ್ಮ ಹವೆ. ಜುಲೈ ತಿಂಗಳಲ್ಲಿ ಉಪ್ಪೇ ನೀರಾಗುವ ಮನೆಯಲ್ಲಿ ಹಾಲಿನ ಪುಡಿ ಏನಾಗಬೇಡ? ಬಾಯಿ ಬಿಚ್ಚಿದ ಮೇಲೆ ಗಂಟುಗಂಟು, ಆಮೇಲೆ ಮುಗ್ಗಲು ವಾಸನೆ. ಒಂದೆರಡು ಮರಿಗೆ ದೊಡ್ಡ ಮೂಟೆ ಖಾಲಿಯಾಗುವುದೇ ಇಲ್ಲ. ಐವತ್ತು ಮರಿ ಒಟ್ಟಿಗೆ ಸಾಕುವವರಿಗೆ, ಕುರಿಮರಿಗೆ ಅಂತಲೇ ಮಾಡಿದ ಪುಡಿ ಸಿಕ್ಕರೆ ಲಾಭ ಇರಬಹುದು. ನಮ್ಮ ಲೆಕ್ಕ ಬೇರೆ. ಮರಿ ಹಾಲು ಬಿಡುವ ಹೊತ್ತಿಗೆ 40-50 ಲೀಟರ್ ಕುಡಿಯುತ್ತದೆ ಅಂತ ಇಟ್ಟುಕೊಳ್ಳಿ. ಡೇರಿಯಲ್ಲಿ ಲೀಟರಿಗೆ 35 ರೂಪಾಯಿ ಸಿಗುತ್ತದೆ ಅಂತ ಹಿಡಿದರೂ 1,750ರ ಒಳಗೆ ಮುಗಿಯಿತು. ಆ ಹಾಲು ಮನೆಯಲ್ಲೇ ಇದೆ, ತಾಜಾ ಇದೆ, ಕಲಸುವ ರಗಳೆ ಇಲ್ಲ.

ಹಸುವಿನ ಹಾಲು ಗಟ್ಟಿಯಾಯಿತು ಅಂತ ನೀರು ಬೆರೆಸುವವರಿದ್ದಾರೆ. ಕುರಿಮರಿಗೆ ಅದು ಈಗಾಗಲೇ ತೆಳ್ಳಗೆ, ಇನ್ನೂ ನೀರು ಬೇಡ. ಮಲೆನಾಡು ಗಿಡ್ಡದ ಹಾಲಿದ್ದರೆ ಅದನ್ನೇ ಮರಿಗೆ ಇಡಿ, ಜರ್ಸಿಯದು ಡೇರಿಗೆ ಹೋಗಲಿ. ಮೊದಲ ವಾರ ದಿನಕ್ಕೆ ನಾಲ್ಕೈದು ಸಲ, ಒಂದು ಸಲಕ್ಕೆ 100ರಿಂದ 150 ಎಂಎಲ್. ಮೂರನೇ ವಾರಕ್ಕೆ ಮೂರು ಸಲ, 250-300. ಕೈಗೆ ಬೆಚ್ಚಗೆ ಅನ್ನಿಸಬೇಕು, ಸುಡಬಾರದು. ಹೊಟ್ಟೆ ತುಂಬಿದ ಮರಿಯೂ ಅರಚುತ್ತದೆ, ಅದರ ಮಾತು ನಂಬಬೇಡಿ. ಅರಚಿತು ಅಂತ ಒಮ್ಮೆಲೇ ಅರ್ಧ ಲೀಟರ್ ಕುಡಿಸಿದರೆ ಹೊಟ್ಟೆ ಉಬ್ಬಿ ಕೆಲವೇ ಗಂಟೆಯಲ್ಲಿ ಹೋಗಿಬಿಡುತ್ತದೆ. ಅಜ್ಜಿಯರಿಗೆ ಇದನ್ನು ಒಪ್ಪಿಸುವುದು ಕಷ್ಟ, ನಾವು ಇಲ್ಲದಾಗ ಕದ್ದು ಕುಡಿಸುತ್ತಾರೆ! ಎರಡನೇ ವಾರದಿಂದಲೇ ಒಂದು ಹಿಡಿ ಹಿಂಡಿ, ಎಳೆ ಸೊಪ್ಪು, ನೀರು ಮುಂದೆ ಇಡಿ. ಆರರಿಂದ ಎಂಟು ವಾರಕ್ಕೆ, ಹತ್ತು ಕಿಲೋ ಆಸುಪಾಸು ಬಂದು ಹಿಂಡಿ ಚೆನ್ನಾಗಿ ತಿನ್ನುತ್ತಿದ್ದರೆ ಬಾಟಲಿ ಬಿಡಿಸಬಹುದು.

ಒಂದೇ ಮರಿ ಇದ್ದರೆ ಮನೆಯೊಳಗೆ ಸಾಕಬೇಡಿ, ಬೇಗ ಮಂದೆಗೆ ಸೇರಿಸಿ. ಮನುಷ್ಯರ ಹಿಂದೆಯೇ ಓಡಾಡಿದ್ದು ದೊಡ್ಡದಾದ ಮೇಲೂ ಮಂದೆಯ ಹಿಂದೆ ಹೋಗುವುದಿಲ್ಲ, ಗೇರು ಗಿಡದ ಹತ್ತಿರ ಒಂಟಿಯಾಗಿ ನಿಂತು ನಾಯಿ ಬಾಯಿಗೆ ಬೀಳುತ್ತದೆ. ಟಗರು ಮರಿಯ ಹಣೆ ನೇವರಿಸುವುದಂತೂ ಕೂಡದು. ಬಾಟಲಿ ಟಗರಿಗೆ ಮನುಷ್ಯರ ಭಯ ಇಲ್ಲ. ಈಗ ಮುದ್ದಾಗಿ ಗುದ್ದುತ್ತದೆ, ವರ್ಷ ಕಳೆದರೆ ಮೊಣಕಾಲು ಮುರಿಯುತ್ತದೆ.

ಮಳೆಗಾಲದ ಮಂದೆ ಬಗ್ಗೆ ಬರೆದರೆ ಇನ್ನೊಂದು ಇಷ್ಟೇ ಆಗುತ್ತದೆ. ಅಡಿಕೆ ದಬ್ಬೆಯ ಅಟ್ಟ ನೆಲದಿಂದ ಮೂರಡಿ ಮೇಲೆ ಹಾಕಿದ್ದೇವೆ, ಹಿಕ್ಕೆ ಮೂತ್ರ ಕೆಳಗೆ ಬೀಳುತ್ತದೆ, ಗೊರಸು ಒಣಗಿರುತ್ತದೆ. ಮರಿಯ ಕಾಲು ಸಂದಿಗೆ ಸಿಕ್ಕದಷ್ಟು ಹತ್ತಿರ ಹತ್ತಿರ ಜೋಡಿಸಬೇಕು. ಗದ್ದೆ ಬದುವಿನ ನೀರು ನಿಂತ ಹುಲ್ಲಲ್ಲಿ ಮೇಯಿಸುವುದಿಲ್ಲ, ಅಲ್ಲಿನ ಶಂಖದ ಹುಳುವಿನಿಂದಲೇ ಲಿವರ್ ಹುಳು ಬರುವುದು. ಗಂಟಲಡಿ ನೀರು ತುಂಬಿ ಜೋತಿದ್ದರೆ, ಕಣ್ಣಿನ ಒಳರೆಪ್ಪೆ ಬಿಳಿಚಿದ್ದರೆ ಹುಳುವಿನ ಔಷಧಿ. ಯಾವ ಹುಳುವಿಗೆ ಯಾವುದು ಅಂತ ಹಿಕ್ಕೆ ಪರೀಕ್ಷೆ ಮಾಡಿಸಿಯೇ ಕೊಡುವುದು ಒಳ್ಳೆಯದು, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಹೋಗುವವರ ಕೈಲಿ ಡಬ್ಬಿಯಲ್ಲಿ ಹಾಕಿ ಕಳಿಸಿದರೂ ಆಗುತ್ತದೆ.

ಮಾರ್ಕು ಕೊಡುವುದಾದರೆ ಅಸಲಿ ನಿಪ್ಪಲಿಗೆ ಐದಕ್ಕೆ ನಾಲ್ಕೂವರೆ. ಅರ್ಧ ಕಳೆದದ್ದು ಅಂಗಡಿಯಲ್ಲಿ ಸುಲಭವಾಗಿ ಸಿಗದಿರುವುದಕ್ಕೆ. ಪುಡಿಗೆ ಒಂದೂವರೆ, ಅದೂ ಚೀಲ ಗಟ್ಟಿಯಾಗಿದೆ, ಮೆಣಸು ತುಂಬಲಿಕ್ಕೆ ಬಂತು. ನಿಪ್ಪಲ್ ತಗೊಳ್ಳುವಾಗ ಎರಡು ತಗೊಳ್ಳಿ, ಮರಿಗೆ ಹಲ್ಲು ಬಂದ ಮೇಲೆ ಅಗಿಯುತ್ತದೆ. ರಬ್ಬರ್ ಸಡಿಲವಾದರೆ ಎಳೆದು ನುಂಗುವ ಭಯ ಇದೆ, ವಾರಕ್ಕೊಮ್ಮೆ ಎಳೆದು ನೋಡಿ. ತೊಳೆದು ಅಡುಗೆ ಮನೆ ಕಟ್ಟೆ ಮೇಲೆ ಬಿಡಬೇಡಿ, ಇರುವೆ ಮುತ್ತುತ್ತದೆ, ರಾತ್ರಿ ಇಲಿ ಕಡಿಯುತ್ತದೆ. ದಾರ ಕಟ್ಟಿ ಮೊಳೆಗೆ ನೇತುಹಾಕಿ.